ಕಾಯುವವರ ಲೆಕ್ಕ: ಜಾನ್ಸನ್‌ವಿಲ್‌ನ ರೈಲು, ಬಸ್ಸು ಮತ್ತು ಪ್ರಯಾಣಿಕರು



ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್ನಿನ ಉತ್ತರಕ್ಕೆ, ಗುಡ್ಡಗಳ ನಡುವೆ ಜಾನ್ಸನ್‌ವಿಲ್ ಎಂಬ ಉಪನಗರವಿದೆ. ನಗರದಿಂದ ಹೊರಟ ವಿದ್ಯುತ್ ರೈಲು 7 ಸುರಂಗಗಳನ್ನು ಹೊಕ್ಕು ಹೊರಬಂದು, ಸುಮಾರು 10.5 ಕಿ.ಮೀ. ದೂರದ ಒಂಟಿಹಳಿಯನ್ನು ಏರಿ ಅಲ್ಲಿ ನಿಲ್ಲುತ್ತದೆ. ಹಳಿ ಮುಗಿದಲ್ಲಿಂದ ಮುಂದಿನ ಪಯಣ ಬಸ್ಸಿನದು. ರೈಲು ನಿಲ್ದಾಣದ ಪಕ್ಕದ ಮೂರ್‌ಫೀಲ್ಡ್ ರಸ್ತೆಯಲ್ಲಿ ಚರ್ಟನ್ ಪಾರ್ಕ್, ಗ್ರೆನಾಡಾ ವಿಲೇಜ್, ಪೊರಿರುವಾ ಮೊದಲಾದ ಕಡೆಗೆ ಹೋಗುವ ಬಸ್ಸುಗಳು ಸಿಗುತ್ತವೆ. ಸಾರಿಗೆ ಯೋಜಕರ ಭಾಷೆಯಲ್ಲಿ ಇದೊಂದು ‘ಹಬ್’. ಇಂತಹ ತಾಣ ಯಾರ ಹಣವನ್ನು ಉಳಿಸುತ್ತದೆ, ಯಾರ ಹೊತ್ತನ್ನು ವ್ಯಯಿಸುತ್ತದೆ ಎಂಬುದೇ ಇಂದಿನ ಮಾತಿನ ವಿಷಯ.

ಈ ಹಳಿ ಮೊದಲಿನಿಂದಲೂ ಇಲ್ಲಿಗೇ ಮುಗಿಯುತ್ತಿರಲಿಲ್ಲ. ವೆಲ್ಲಿಂಗ್ಟನ್-ಮನವಾಟು ರೈಲ್ವೆ ಕಂಪನಿ ಎಂಬ ಖಾಸಗಿ ಸಂಸ್ಥೆ ನಿರ್ಮಿಸಿದ ಈ ಮಾರ್ಗ 1886ರಲ್ಲಿ ಪೂರ್ಣಗೊಂಡು ನಗರವನ್ನು ಉತ್ತರದ ಮನವಾಟು ಪ್ರದೇಶಕ್ಕೆ ಜೋಡಿಸಿತ್ತು. 1908ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ಆದರೆ ಏರು ಕಡಿದಾಗಿತ್ತು, ತಿರುವುಗಳು ಬಿಗಿಯಾಗಿದ್ದವು. 1937ರಲ್ಲಿ ಟಾವಾ ಕಡೆಗೆ ಎರಡು ಉದ್ದನೆಯ ಸುರಂಗಗಳ ಹೊಸ ಮಾರ್ಗ ತೆರೆದ ಮೇಲೆ ಮುಖ್ಯ ರೈಲುಗಳು ಅತ್ತ ತಿರುಗಿದವು. ಜಾನ್ಸನ್‌ವಿಲ್‌ನಿಂದ ಆಚೆಗಿನ ಹಳಿ ಮುಚ್ಚಿತು. ಉಳಿದ ತುಂಡಿಗೆ 1938ರ ಜುಲೈಯಲ್ಲಿ ವಿದ್ಯುತ್ ರೈಲು ಬಂದಿತು. ಪ್ರತ್ಯೇಕ ಎಂಜಿನ್ ಬೇಡದ, ಗಾಡಿಯಲ್ಲೇ ಮೋಟಾರು ಹೊತ್ತ ವಿದ್ಯುತ್ ರೈಲುಗಳು ಆ ದೇಶದಲ್ಲಿ ಮೊದಲು ಓಡಿದ್ದು ಈ ಮಾರ್ಗದಲ್ಲಿಯೇ. ಹೀಗೆ ದಾರಿಯ ನಡುವಿನ ಊರು ದಾರಿಯ ಕೊನೆಯ ಊರಾಯಿತು.

ಈ ದಾರಿಯ ಹೆಸರುಗಳು ಭಾರತದಿಂದ ಹೋದವರನ್ನು ಬೆರಗುಗೊಳಿಸುತ್ತವೆ. ನಡುವೆ ಸಿಗುವ ನಿಲ್ದಾಣಗಳಲ್ಲಿ ಒಂದು ಸಿಮ್ಲಾ ಕ್ರೆಸೆಂಟ್, ಇನ್ನೊಂದು ಖಂಡಾಲಾ. ಸಮೀಪದ ಬೀದಿಗಳಲ್ಲಿ ಗಂಗೆಯೂ ಆಗ್ರಾವೂ ಇವೆ. ಮುಂಬಯಿ-ಪುಣೆ ದಾರಿಯ ಘಟ್ಟದ ಊರಿನ ಹೆಸರನ್ನು ಸೇನೆಯಲ್ಲಿದ್ದು ಭಾರತದಿಂದ ಬಂದವರು ಈ ಗುಡ್ಡಕ್ಕೆ ಹೊತ್ತು ತಂದರು. ಸಾಮ್ರಾಜ್ಯದ ಅಧಿಕಾರಿ ಊರಿನ ಹೆಸರನ್ನೇ ತನ್ನೊಡನೆ ಒಯ್ಯಬಲ್ಲವನಾಗಿದ್ದ. ಇಂದಿನ ವಲಸಿಗ ತನ್ನ ತಾಯಿಯನ್ನು ಕರೆಸಿಕೊಳ್ಳಲು ವೀಸಾಕ್ಕೆ ಅರ್ಜಿ ಹಾಕಬೇಕು. ಹಾಗೆ ಬಂದ ತಾಯಿ, ಮಗ-ಸೊಸೆ ಕೆಲಸಕ್ಕೆ ಹೋದ ಮೇಲೆ, ಹೊರಗೆ ಹೋಗಬೇಕಾದರೆ ನೆಚ್ಚಬೇಕಾದದ್ದು ಈ ರೈಲನ್ನು, ಈ ಬಸ್ಸನ್ನು. 65 ದಾಟಿದ ಅಲ್ಲಿನ ನಿವಾಸಿಗಳಿಗೆ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಉಚಿತ ಪ್ರಯಾಣ ಕೊಡುವ ಸೂಪರ್‌ಗೋಲ್ಡ್ ಕಾರ್ಡು ಭೇಟಿಗೆ ಬಂದ ಅಜ್ಜ-ಅಜ್ಜಿಯರಿಗೆ ಸಿಗುವುದಿಲ್ಲ.

2018ರ ಜುಲೈ 15ರಂದು ವೆಲ್ಲಿಂಗ್ಟನ್ನಿನ ಬಸ್ ಜಾಲವನ್ನು ಒಂದೇ ದಿನದಲ್ಲಿ ಬದಲಿಸಲಾಯಿತು. ಹಲವು ನೇರ ಮಾರ್ಗಗಳ ಬದಲು ಕೆಲವೇ ಮುಖ್ಯ ಮಾರ್ಗಗಳು, ಅವುಗಳಿಗೆ ಜನರನ್ನು ತಂದು ಸೇರಿಸುವ ಕಿರುಮಾರ್ಗಗಳು, ಎರಡೂ ಕೂಡುವಲ್ಲಿ ಹಬ್‌ಗಳು: ಇದು ಯೋಜನೆ. ಟೆಂಡರಿನಲ್ಲಿ ಬಹುತೇಕ ಮಾರ್ಗಗಳು ಹೊಸ ಗುತ್ತಿಗೆದಾರರ ಕೈಸೇರಿದವು. ಕಾಗದದ ಮೇಲೆ ಇದಕ್ಕೆ ತರ್ಕವಿತ್ತು. ಎಲ್ಲ ಓಣಿಗಳಿಂದಲೂ ನಗರಕ್ಕೆ ನೇರ ಬಸ್ಸು ಓಡಿಸುವುದಕ್ಕಿಂತ, ಮುಖ್ಯ ಮಾರ್ಗದಲ್ಲಿ ಹೆಚ್ಚು ಬಸ್ಸು ಓಡಿಸುವುದು ಮಿತವ್ಯಯದ ಕ್ರಮ. ಬಸ್ಸಿನಿಂದ ಬಸ್ಸಿಗೆ ಅರ್ಧ ಗಂಟೆಯೊಳಗೆ ಬದಲಾಯಿಸಿದರೆ ಕಾರ್ಡಿನಲ್ಲಿ ಎರಡನೆಯ ದರವಿರಲಿಲ್ಲ. ಆದರೆ ಜಾಲ ಬದಲಾದ ದಿನ ಹಲವು ಹಬ್‌ಗಳ ಕಟ್ಟಡ ಕೆಲಸವೇ ಮುಗಿದಿರಲಿಲ್ಲ. ಚಾಲಕರ ಕೊರತೆಯಿಂದ ಬಸ್ಸುಗಳು ರದ್ದಾದವು. ಬಂದ ಬಸ್ಸುಗಳು ತುಂಬಿ ತುಳುಕಿದವು. ಸಾರ್ವಜನಿಕ ಸಭೆಗಳಲ್ಲಿ ಸಿಟ್ಟು ಸಿಡಿಯಿತು. ಅದೇ ಅಕ್ಟೋಬರಿನಲ್ಲಿ ಚಾಲಕರು ದುಡಿಮೆಯ ಷರತ್ತುಗಳ ವಿರುದ್ಧ ಮುಷ್ಕರ ಹೂಡಿದರು.

ಇಲ್ಲಿ ಒಂದು ಸರಳ ಗಣಿತವಿದೆ. ನೇರ ಬಸ್ಸು 5 ನಿಮಿಷ ತಡವಾದರೆ ಪ್ರಯಾಣಿಕಳು ಮನೆ ಸೇರುವುದೂ 5 ನಿಮಿಷ ತಡವಾಗುತ್ತದೆ. ಆಕೆ ನಡುವೆ ಬಸ್ಸು ಬದಲಾಯಿಸಬೇಕು, ಮುಂದಿನ ಬಸ್ಸು ಅರ್ಧ ಗಂಟೆಗೊಂದು ಎಂದಿಟ್ಟುಕೊಳ್ಳಿ. ಮೊದಲ ಬಂಡಿ 5 ನಿಮಿಷ ತಡವಾಗಿ, ಎರಡನೆಯದು ಕಣ್ಣೆದುರೇ ಹೊರಟುಹೋದರೆ ಆಕೆಯ ನಷ್ಟ 30 ನಿಮಿಷ. ಸಂಸ್ಥೆಯ ದಾಖಲೆಯಲ್ಲಿ ಒಂದು ಬಸ್ಸು 5 ನಿಮಿಷ ತಡ, ಇನ್ನೊಂದು ಸಮಯಕ್ಕೆ ಸರಿಯಾಗಿ ಹೊರಟಿದೆ. ಉಳಿದ 25 ನಿಮಿಷ ಯಾವ ದಾಖಲೆಗೂ ಸೇರುವುದಿಲ್ಲ. ದಾಖಲೆ ಬಂಡಿಗಳನ್ನು ಅಳೆಯುತ್ತದೆ, ಮನುಷ್ಯರನ್ನು ಅಳೆಯುವುದಿಲ್ಲ. ವೆಲ್ಲಿಂಗ್ಟನ್ನಿನ ಗಾಳಿಮಳೆಯಲ್ಲಿ, ರಾತ್ರಿ ಪಾಳಿ ಮುಗಿಸಿದ ದಾದಿಗೆ, ಕಚೇರಿಗಳನ್ನು ಗುಡಿಸಿ ಬರುವವಳಿಗೆ, ಕಾರಿಲ್ಲದ ವಿದ್ಯಾರ್ಥಿಗೆ ಆ 25 ನಿಮಿಷದ ಬೆಲೆ ಏನೆಂಬುದು ಕಾದವರಿಗೇ ಗೊತ್ತು. ಹಬ್ ವೆಚ್ಚವನ್ನು ಕಡಿಮೆ ಮಾಡಿತೆಂದು ಹೇಳುವಾಗ, ಅದರಲ್ಲಿ ಎಷ್ಟು ಪಾಲು ಇಂತಹವರ ಹೊತ್ತಿಗೆ ವರ್ಗಾವಣೆಯಾಯಿತು ಎಂದು ಕೇಳಲೇಬೇಕು.

ಜಾನ್ಸನ್‌ವಿಲ್‌ನಲ್ಲಿ ಇನ್ನೊಂದು ಬಿರುಕೂ ಇತ್ತು. ಬಸ್ಸಿನಲ್ಲಿ 2008ರಿಂದಲೇ ಸ್ನ್ಯಾಪರ್ ಕಾರ್ಡು ಬಳಕೆಯಲ್ಲಿದ್ದರೂ ರೈಲಿನಲ್ಲಿ ಕಾಗದದ ಟಿಕೆಟ್ಟೇ ಮುಂದುವರಿದಿತ್ತು. ಕೆಲವೇ ಹೆಜ್ಜೆಗಳ ಅಂತರದಲ್ಲಿದ್ದ ಎರಡು ಸಾರಿಗೆಗಳಿಗೆ ಎರಡು ಬಗೆಯ ಪಾವತಿ. 2021ರ ನವೆಂಬರಿನಲ್ಲಿ ಪ್ರಯೋಗವಾಗಿ ರೈಲಿಗೂ ಆ ಕಾರ್ಡು ಬಂದಾಗ, ಮೊದಲು ಬಂದದ್ದು ಈ ಮಾರ್ಗಕ್ಕೆ. ಕಟ್ಟಡಗಳನ್ನು ಅಕ್ಕಪಕ್ಕ ನಿಲ್ಲಿಸುವುದು ಸುಲಭ. ಆಡಳಿತಗಳನ್ನು ಒಂದುಗೂಡಿಸುವುದಕ್ಕೆ 13 ವರ್ಷ ಹಿಡಿಯಿತು.

ಕರ್ನಾಟಕಕ್ಕೆ ಇದು ದೂರದ ಕಥೆಯಲ್ಲ. ಸುಮಾರು ಒಂದೂವರೆ ದಶಕದ ಹಿಂದೆ ಬೆಂಗಳೂರಿನ ಜಯನಗರ, ಶಾಂತಿನಗರ, ವಿಜಯನಗರ, ಯಶವಂತಪುರ ಮೊದಲಾದೆಡೆ ‘ಟಿಟಿಎಂಸಿ’ ಎಂಬ ದೊಡ್ಡ ಬಸ್ ಸಂಕೀರ್ಣಗಳು ಎದ್ದವು. ಅವುಗಳ ಮಹಡಿಗಳಲ್ಲಿ ಬಾಡಿಗೆಗೆ ಕೊಡುವ ಜಾಗಕ್ಕೂ ವಾಹನ ನಿಲುಗಡೆಗೂ ಧಾರಾಳ ಸ್ಥಳ ಸಿಕ್ಕಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣವನ್ನು ಉಚಿತಗೊಳಿಸಿತು. ಅದು ದೊಡ್ಡ ಹೆಜ್ಜೆ, ಸಂದೇಹವಿಲ್ಲ. ಆದರೆ ಟಿಕೆಟ್ಟಿನ ಹಣದಂತೆ ನಿಲ್ದಾಣದಲ್ಲಿ ಕಳೆದ ಹೊತ್ತೂ ಒಂದು ದರವೇ. ಬಡವರು, ಅವರಲ್ಲೂ ಹೆಣ್ಣುಮಕ್ಕಳು ತೆರುವ ಆ ದರವನ್ನು ಯಾವ ಬಜೆಟ್ಟೂ ಇನ್ನೂ ಮನ್ನಾ ಮಾಡಿಲ್ಲ.

ಹಾಗಾದರೆ ಹಬ್ ಬೇಡವೆ? ಬೇಕು. ಸ್ವಿಟ್ಜರ್‌ಲೆಂಡ್ 1982ರಲ್ಲಿ ಇಡೀ ದೇಶಕ್ಕೆ ಗಂಟೆಗಂಟೆಗೂ ಮರುಕಳಿಸುವ ವೇಳಾಪಟ್ಟಿಯನ್ನು ಜಾರಿಗೆ ತಂದಿತು. ಮುಖ್ಯ ನಿಲ್ದಾಣಗಳಿಗೆ ಬಂಡಿಗಳು ಒಟ್ಟಿಗೆ ಬಂದು ಒಟ್ಟಿಗೆ ಹೊರಡಬೇಕು ಎಂಬ ತತ್ವವನ್ನು ಅಲ್ಲಿ ಮುಂದೆ ಹಂತಹಂತವಾಗಿ ಬೆಳೆಸಿದರು. ಜಾನ್ಸನ್‌ವಿಲ್‌ಗೆ ಬೇಕಾದದ್ದೂ ಇದೇ: ರೈಲು ತಡವಾದರೆ ಬಸ್ಸು ಎರಡು ನಿಮಿಷ ಕಾಯಬೇಕು. ಹಾಗೆ ಕಾಯಲು ಚಾಲಕನಿಗೆ ಅಧಿಕಾರವಿರಬೇಕು, ದಣಿವಿಲ್ಲದ ಪಾಳಿಯಿರಬೇಕು, ಕಾದದ್ದಕ್ಕೆ ದಂಡ ವಿಧಿಸದ ಗುತ್ತಿಗೆಯಿರಬೇಕು. ಚಾಲಕನ ಹಕ್ಕೂ ಪ್ರಯಾಣಿಕಳ ಹಕ್ಕೂ ಬೇರೆಬೇರೆ ಅಲ್ಲವೆಂಬುದು ಅರ್ಥವಾಗುವುದು ಈ ಎರಡು ನಿಮಿಷಗಳಲ್ಲಿ.

ಇದೇ ನಿಲ್ದಾಣದ ಆಸುಪಾಸಿನಲ್ಲಿ 2019ರ ಕೊನೆಗೆ ವೈಟೋಹಿ ಎಂಬ ಮಾವೋರಿ ಹೆಸರಿನ ಗ್ರಂಥಾಲಯ ತೆರೆಯಿತು. ಬಸ್ಸು ತಪ್ಪಿದವರು ಹಗಲಿನಲ್ಲಿ ಅಲ್ಲಿ ಕುಳಿತು ಓದಬಹುದು. ರಾತ್ರಿ ಅದರ ಬಾಗಿಲು ಮುಚ್ಚಿರುತ್ತದೆ. ಒಂದು ಸಾರಿಗೆ ವ್ಯವಸ್ಥೆ ಯಾರದೆಂದು ತಿಳಿಯಬೇಕಾದವರು ಅದನ್ನು ಬೆಳಗಿನ ಎಂಟು ಗಂಟೆಗೆ ನೋಡಿದರೆ ಸಾಲದು. ರಾತ್ರಿಯ ಕೊನೆಯ ರೈಲಿನಿಂದ ಇಳಿದವರು ಮನೆ ಸೇರುವುದು ಹೇಗೆಂದು ನೋಡಬೇಕು. ಆ ಹೊತ್ತಿಗೆ ಮೂರ್‌ಫೀಲ್ಡ್ ರಸ್ತೆಯಲ್ಲಿ ಒಂದು ಬಸ್ಸು ದೀಪ ಹಚ್ಚಿಕೊಂಡು ಅವರಿಗಾಗಿ ನಿಂತಿದ್ದರೆ, ಅದನ್ನು ಹಬ್ ಎನ್ನಬಹುದು.