ಫೋಟೋ ಸಿಂಕ್ ಆಗ್ತಿಲ್ವಾ? ಡಿಲೀಟ್ ಒತ್ತುವ ಮೊದಲು ಇದನ್ನು ಕೇಳಿ

ಉಡುಪಿಯಲ್ಲೋ ಮಣಿಪಾಲದಲ್ಲೋ ಕೆಲಸ, ವಾರಾಂತ್ಯಕ್ಕೆ ಕಾರ್ಕಳದಲ್ಲೋ ಕಾಪುವಿನಲ್ಲೋ ಇರುವ ಮನೆ. ಬ್ಯಾಗ್ ಇಳಿಸುವ ಮೊದಲೇ ಅಮ್ಮ ಫೋನ್ ಹಿಡಿದು ಬರ್ತಾರೆ: "ಜಾಗ ಇಲ್ಲ ಅಂತ ಬರ್ತಾ ಉಂಟು, ಸ್ವಲ್ಪ ನೋಡಿ ಕೊಡು." ಕ್ಲೌಡ್‌ನಲ್ಲಿ ಉಂಟಲ್ಲ ಅಂತ ನಾವು ಹಳೆ ಫೋಟೋ ಎಲ್ಲ ಡಿಲೀಟ್ ಮಾಡ್ಲಿಕ್ಕೆ ಹೊರಡ್ತೇವೆ. ಸ್ವಲ್ಪ ನಿಲ್ಲಿ. ಹೋಗಿದೆ ಅಂದುಕೊಳ್ಳುವುದು ಬೇರೆ, ನಿಜವಾಗಿ ಹೋಗಿರುವುದು ಬೇರೆ. ಈಗ ಇಲ್ಲದ ಅಜ್ಜಿಯ ಫೋಟೋ ಮತ್ತೆ ತೆಗೀಲಿಕ್ಕೆ ಆಗೂದಿಲ್ಲ.

ಮೊದಲು ಜಾಗ ನೋಡಿ. ಗೂಗಲ್ ಫೋಟೋಸ್‌ನಲ್ಲಿ 2021ರ ಜೂನ್ 1ರಿಂದ ಹಾಕಿದ್ದೆಲ್ಲ 15 ಜಿಬಿ ಲೆಕ್ಕಕ್ಕೆ ಬರ್ತದೆ. ಜಿಮೇಲ್, ಡ್ರೈವ್ ಕೂಡ ಅದರಲ್ಲೇ. ತುಂಬಿದರೆ ಹೊಸ ಫೋಟೋ ಮೇಲೆ ಹೋಗೂದಿಲ್ಲ.

ಎರಡು, ಅಕೌಂಟ್. ಮನೆ ಕಂಪ್ಯೂಟರಿನಲ್ಲಿ ಅಪ್ಪನ ಅಕೌಂಟ್, ಫೋನಿನಲ್ಲಿ ಅಮ್ಮನದ್ದು. ಎಷ್ಟು ಹುಡುಕಿದ್ರೂ ಸಿಗೂದಿಲ್ಲ! ಗಡಿಯಾರದ ಪಕ್ಕದ ಡ್ರೈವ್ ಐಕಾನ್ ಒತ್ತಿ, ಯಾರ ಹೆಸರು ಉಂಟು ನೋಡಿ. ಸಿಂಕ್ ಪಾಸ್ ಆಗಿದ್ಯಾ ಅಂತಲೂ ಅಲ್ಲೇ ಗೊತ್ತಾಗ್ತದೆ.

ಮೂರು, ನೆಟ್ ಮತ್ತು ಕರೆಂಟ್. ಮಳೆಗಾಲದಲ್ಲಿ ಕರೆಂಟ್ ಹೋದಾಗ ಹಾಟ್‌ಸ್ಪಾಟ್ ಹಾಕ್ತೇವೆ. ಅದನ್ನು ವಿಂಡೋಸ್ 'ಮೀಟರ್ಡ್' ಅಂತ ಗುರುತಿಸಿದ್ರೆ ಒನ್‌ಡ್ರೈವ್ ತಾನಾಗಿ ನಿಲ್ತದೆ. ಹಳೆ ಕಂಪ್ಯೂಟರಿನಲ್ಲಿ ತಾರೀಕು ಹಿಂದೆ ಹೋಗಿದ್ರೆ ಲಾಗಿನ್ನೇ ಆಗ್ಲಿಕ್ಕಿಲ್ಲ; ತಾರೀಕು ಸರಿ ಮಾಡಿ. ಸ್ಲೀಪ್‌ನಲ್ಲಿದ್ರೆ ಅಪ್‌ಲೋಡೂ ನಿಲ್ತದೆ.

ಯಾವುದೂ ಸರಿಯಾಗ್ಲಿಲ್ಲ ಅಂತ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡ್ಬೇಡಿ. ಇನ್ನೂ ಮೇಲೆ ಹೋಗದ ಫೈಲ್ ಇದ್ರೆ ಅದೂ ಹೋಗಬಹುದು. ಫೋಟೋ ಫೋಲ್ಡರನ್ನು ಮೊದಲು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ.

ಇನ್ನೊಂದು ಮುಖ್ಯ ವಿಷಯ. ಡ್ರೈವ್ ಸೆಟ್ಟಿಂಗಿನಲ್ಲಿ ಎರಡು ಆಯ್ಕೆ ಉಂಟು. 'ಸಿಂಕ್ ವಿತ್ ಗೂಗಲ್ ಡ್ರೈವ್' ಕೊಟ್ಟರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳೀತದೆ. 'ಬ್ಯಾಕಪ್ ಟು ಗೂಗಲ್ ಫೋಟೋಸ್' ಕೊಟ್ಟರೆ ಮೇಲೆ ಕಳಿಸ್ತದೆ ಅಷ್ಟೇ. ಸಿಂಕ್ ಅಂದ್ರೆ ಕನ್ನಡಿ, ಬ್ಯಾಕಪ್ ಅಂದ್ರೆ ಕಪಾಟು.

ಕೊನೆಗೆ ಪರೀಕ್ಷೆ. ಬೇರೆ ಫೋನಿನಲ್ಲಿ ಅದೇ ಅಕೌಂಟಿಂದ ಗೂಗಲ್ ಫೋಟೋಸ್ ತೆರೆದು, ತೀರಾ ಹಳೆಯ ಒಂದು ಫೋಟೋ, ನಿನ್ನೆಯ ಒಂದು ಫೋಟೋ, ಒಂದು ವಿಡಿಯೋ ನೋಡಿ. ಮೂರೂ ಇದ್ದರೆ ಫೋನಿನಲ್ಲಿ 'ಫ್ರೀ ಅಪ್ ಸ್ಪೇಸ್' ಒತ್ತಿ; ಬ್ಯಾಕಪ್ ಆದದ್ದನ್ನು ಮಾತ್ರ ಅದು ಫೋನಿಂದ ತೆಗೀತದೆ. ಆ್ಯಪ್‌ನಲ್ಲಿ ಡಿಲೀಟ್ ಒತ್ತಿದ್ರೆ ಕ್ಲೌಡಿಂದಲೂ ಹೋಗ್ತದೆ. ಈಗಾಗ್ಲೇ ಒತ್ತಿದ್ರೆ ಹೆದರ್ಬೇಡಿ, ಬ್ಯಾಕಪ್ ಆಗಿದ್ದ ಫೋಟೋ 60 ದಿನ ಟ್ರ್ಯಾಶ್‌ನಲ್ಲಿರ್ತದೆ. ಇವತ್ತೇ ನೋಡಿ.