ಮೊಳೆಯ ಹಣದಿಂದ ಎದ್ದ ಶಾಲೆ

(ಕಾರ್ಮಿಕರ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಸಾರ)



ಇಂಗ್ಲೆಂಡಿನ ವಸತಿಶಾಲೆ ಎಂದೊಡನೆ ನಮಗೆ ನೆನಪಾಗುವುದು ಈಟನ್ ಮತ್ತು ಹ್ಯಾರೋ. ಅಲ್ಲಿ ಸಿರಿವಂತರ ಮಕ್ಕಳು ಓದುತ್ತಾರೆ, ಮುಂದೆ ಮಂತ್ರಿಗಳಾಗುತ್ತಾರೆ. ಆದರೆ ಆ ದೇಶದಲ್ಲಿ ಇನ್ನೊಂದು ಬಗೆಯ ವಸತಿಶಾಲೆಗಳೂ ಕೆಲವು ಉಂಟು. ಅವುಗಳಲ್ಲಿ ಪಾಠದ ಖರ್ಚು ಸರಕಾರದ್ದು. ಅಂಥ ಒಂದು ಹಳೆಯ ಶಾಲೆಯ ಚರಿತ್ರೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಇದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಇರುವುದು ಕಬ್ಬಿಣದ ಮೊಳೆ, ಅದನ್ನು ಬಡಿದವರ ಬೆವರು.

ಶಾಲೆಯ ಹೆಸರು ಓಲ್ಡ್ ಸ್ವಿನ್‌ಫೋರ್ಡ್ ಹಾಸ್ಪಿಟಲ್. ಇಂಗ್ಲೆಂಡಿನ ನಡುನಾಡಿನ ಸ್ಟೌರ್‌ಬ್ರಿಜ್ ಎಂಬ ಊರಿನಲ್ಲಿದೆ. ಹಾಸ್ಪಿಟಲ್ ಎಂದರೆ ರೋಗಿಗಳ ಆಸ್ಪತ್ರೆಯೆಂದು ತಿಳಿಯಬೇಡಿ. ಆ ಕಾಲದ ಇಂಗ್ಲಿಷಿನಲ್ಲಿ ಬಡವರಿಗೆ ಆಶ್ರಯ ಕೊಡುವ ಧರ್ಮಸಂಸ್ಥೆಗೂ ಅದೇ ಹೆಸರು.

ಇದನ್ನು 1667ರಲ್ಲಿ ಸ್ಥಾಪಿಸಿದವನು ಥಾಮಸ್ ಫೋಲಿ ಎಂಬ ಕಬ್ಬಿಣದ ಸಾಹುಕಾರ. ಇವನ ತಂದೆ ರಿಚರ್ಡ್ ಫೋಲಿ 1628ರ ಸುಮಾರಿಗೆ ಹತ್ತಿರದ ಕಿನ್ವರ್ ಎಂಬಲ್ಲಿ ನೀರಿನ ಬಲದಿಂದ ತಿರುಗುವ ಒಂದು ಗಿರಣಿಯನ್ನು ನಡೆಸಿದ. ಅದು ಕಬ್ಬಿಣದ ಪಟ್ಟಿಯನ್ನು ಉದ್ದುದ್ದ ಸೀಳಿ ಸಲಾಕೆಗಳನ್ನಾಗಿ ಮಾಡುತ್ತಿತ್ತು. ಅವನು ಪಿಟೀಲು ಬಾರಿಸುವ ಭಿಕ್ಷುಕನ ವೇಷದಲ್ಲಿ ಸ್ವೀಡನ್ನಿಗೆ ಹೋಗಿ ಈ ಯಂತ್ರದ ಗುಟ್ಟನ್ನು ಕದ್ದುತಂದನೆಂದು ಜನ ಕಥೆ ಕಟ್ಟಿದ್ದಾರೆ. ಕಥೆ ಸೊಗಸಾಗಿದೆ, ಆದರೆ ಇಂಥ ಗಿರಣಿ ಇಂಗ್ಲೆಂಡಿನಲ್ಲಿ ಅದಕ್ಕೆ ಮೊದಲೇ ಇತ್ತು. ಸಾಹುಕಾರನ ಸಂಪತ್ತಿಗೆ ಸಾಹಸದ ಕಥೆಯೊಂದು ಅಂಟಿಕೊಳ್ಳುವುದು ಎಲ್ಲ ದೇಶಗಳಲ್ಲೂ ಉಂಟು!

ಸಂಪತ್ತಿನ ನಿಜವಾದ ಗುಟ್ಟು ಸುತ್ತಲಿನ ಹಳ್ಳಿಗಳಲ್ಲಿತ್ತು. ಅಲ್ಲಿ ಮನೆಯ ಹಿಂದೆ ಒಂದು ಕುಲುಮೆ. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಸಲಾಕೆಯನ್ನು ಕಾಯಿಸಿ ಮೊಳೆ ಬಡಿಯುವವರೇ. ಸಲಾಕೆ ವ್ಯಾಪಾರಿಯದು, ಮೊಳೆಯನ್ನು ಕೊಳ್ಳುವವನೂ ವ್ಯಾಪಾರಿಯೇ, ದರ ಅವನು ಹೇಳಿದ್ದು. ಸಾಹುಕಾರನಿಂದ ನೂಲು ತಂದು ಬಟ್ಟೆ ನೇಯ್ದುಕೊಡುವ ನೇಕಾರನ ಸ್ಥಿತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಥಾಮಸ್ ಫೋಲಿ ದಯಾಳುವೆಂಬುದರಲ್ಲಿ ಸಂದೇಹವಿಲ್ಲ. ನೇಕಾರರ ಊರಾದ ಕಿಡರ್‌ಮಿನ್‌ಸ್ಟರಿನ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್ ಅವನ ಸ್ನೇಹಿತ. ಅವನ ಧರ್ಮಬುದ್ಧಿಯನ್ನು ಹೊಗಳಿ ಬರೆದಿದ್ದಾನೆ. ಬಡವರಾದರೂ ಪ್ರಾಮಾಣಿಕರಾದ ತಂದೆತಾಯಿಗಳ 60 ಗಂಡುಮಕ್ಕಳಿಗೆ ಫೋಲಿ ಊಟ, ಬಟ್ಟೆ, ಹಾಸಿಗೆ, ವಿದ್ಯೆ ಎಲ್ಲವನ್ನೂ ಪುಕ್ಕಟೆ ಕೊಟ್ಟ. ಖರ್ಚಿಗೆಂದು ಜಮೀನು ಬಿಟ್ಟ. ಹುಡುಗರು ನೀಲಿ ಅಂಗಿ ತೊಟ್ಟು ಓದು, ಬರಹ, ಲೆಕ್ಕ ಕಲಿತು, ಬಳಿಕ ಯಾವುದಾದರೂ ಕಸುಬಿನವರ ಕೈಕೆಳಗೆ ಸೇರುತ್ತಿದ್ದರು. ಕಮ್ಮಾರನ ಮಗನಿಗೆ ಅಕ್ಷರ ಏತಕ್ಕೆ ಎನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ.

ಆದರೆ ಲೆಕ್ಕ ಹಾಕಿ ನೋಡೋಣ. ಹಾಸಿಗೆ ಅರವತ್ತು. ಸುತ್ತಲೂ ಕುಲುಮೆಯ ಮುಂದೆ ನಿಂತ ಮಕ್ಕಳು ಸಾವಿರ ಸಾವಿರ. ಹೆಣ್ಣುಮಕ್ಕಳಿಗಂತೂ ಅಲ್ಲಿ ಒಂದು ಹಾಸಿಗೆಯೂ ಇಲ್ಲ. ಅರವತ್ತರಲ್ಲಿ ಯಾರು ಸೇರಬೇಕು, ಯಾರ ಮನೆ ‘ಪ್ರಾಮಾಣಿಕ’ ಎಂದು ತೀರ್ಮಾನಿಸುವವರು ದೊಡ್ಡವರು. ದಾನದ ಸ್ವಭಾವವೇ ಹೀಗೆ. ಕೊಡುವವನು ಆರಿಸುತ್ತಾನೆ, ಪಡೆಯುವವನು ಕೈಮುಗಿಯುತ್ತಾನೆ.

ಫೋಲಿ ಸತ್ತ ಮೇಲೂ ಕುಲುಮೆಗಳು ಉರಿದವು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ‘ಫಾಗರ್’ ಎಂಬ ಮಧ್ಯವರ್ತಿಗಳು ಮೊಳೆ ಬಡಿಯುವವರ ರಕ್ತ ಹೀರುತ್ತಿದ್ದರು. ಕೂಲಿಯನ್ನು ನಗದಾಗಿ ಕೊಡದೆ ತಮ್ಮದೇ ಅಂಗಡಿಯ ಕಳಪೆ ಸಾಮಾನು ಕೊಡುವುದು ಅವರ ಪದ್ಧತಿ. ಇದರಿಂದ ಕಾರ್ಮಿಕನಷ್ಟೇ ಅಲ್ಲ, ನ್ಯಾಯವಾಗಿ ತೂಗಿ ಮಾರುವ ಸಣ್ಣ ಅಂಗಡಿಯವನೂ ಕೆಟ್ಟ. 1831ರಲ್ಲಿ ಕಾನೂನು ಈ ಪದ್ಧತಿಯನ್ನು ನಿಷೇಧಿಸಿತು. ಆದರೂ ಅದು ಬಹುಕಾಲ ಕಳ್ಳದಾರಿಯಲ್ಲಿ ನಡೆದೇ ನಡೆಯಿತು. ಕೂಲಿ ಇಳಿಸಿದಾಗ 1842ರಲ್ಲಿ ಮೊಳೆ ಬಡಿಯುವವರು ದಂಗೆಯೆದ್ದರು.

ಇನ್ನೊಂದು ವರ್ಷವನ್ನು ನೆನಪಿಡಿ: 1867. ಆ ವರ್ಷದ ಕಾನೂನು ಇಂಥ ಮನೆಗೆಲಸದ ಕಾರ್ಖಾನೆಗಳಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ದುಡಿಸಕೂಡದೆಂದಿತು. ಎಂಟರಿಂದ ಹದಿಮೂರರೊಳಗಿನವರು ಅರೆಹೊತ್ತು ಮಾತ್ರ ದುಡಿಯಬೇಕು, ಶಾಲೆಗೂ ಹೋಗಬೇಕು ಎಂದಿತು. ಅಂದರೆ ಫೋಲಿಯ ಶಾಲೆ ಬಾಗಿಲು ತೆರೆದ ಮೇಲೆ ಸರಿಯಾಗಿ 200 ವರ್ಷ! ಅಷ್ಟು ದೀರ್ಘಕಾಲ ದಾನವು ಬಾಗಿಲಲ್ಲಿ ನಿಂತು ಒಬ್ಬೊಬ್ಬನನ್ನೇ ಒಳಗೆ ಕರೆಯುತ್ತಿತ್ತು. 1870ರ ಶಿಕ್ಷಣ ಕಾನೂನು, 1880ರ ಕಡ್ಡಾಯ ಶಿಕ್ಷಣ, 1891ರಲ್ಲಿ ಪುಕ್ಕಟೆ ಪ್ರಾಥಮಿಕ ಶಿಕ್ಷಣ, 1944ರ ಕಾನೂನಿನಿಂದ ಪುಕ್ಕಟೆ ಪ್ರೌಢಶಿಕ್ಷಣ, ಹೀಗೆ ಹಂತಹಂತವಾಗಿ ಆ ಬಾಗಿಲು ಎಲ್ಲರಿಗೂ ತೆರೆಯಿತು. ಫೋಲಿಯ ಶಾಲೆಯೂ 20ನೆಯ ಶತಮಾನದಲ್ಲಿ ಸರಕಾರದ ಹಣದಿಂದ ನಡೆಯುವ ಶಾಲೆಗಳ ಸಾಲಿಗೆ ಸೇರಿತು.

ಈ ಶಾಲೆಯಿಂದ ಕೆಲವೇ ಮೈಲಿ ದೂರದಲ್ಲಿ ಕ್ರಾಡ್ಲಿ ಹೀತ್ ಎಂಬ ಊರಿದೆ. ಅಲ್ಲಿಯ ಹೆಂಗಸರು ಹಿತ್ತಿಲ ಕುಲುಮೆಗಳಲ್ಲಿ ಕಬ್ಬಿಣದ ಸರಪಳಿ ಮಾಡುತ್ತಿದ್ದರು. 1910ರಲ್ಲಿ ಕನಿಷ್ಠ ಕೂಲಿ ಗಂಟೆಗೆ ಎರಡೂವರೆ ಪೆನ್ಸ್ ಎಂದು ನಿಗದಿಯಾಯಿತು. ಮಾಲೀಕರು ಅದನ್ನು ಕೊಡದೆ ನುಣುಚಿಕೊಳ್ಳಲು ನೋಡಿದರು. ಮೇರಿ ಮೆಕಾರ್ಥರಳ ಮುಂದಾಳುತನದಲ್ಲಿ ಆ ಹೆಂಗಸರು ಹತ್ತು ವಾರ ಹೋರಾಡಿ ಗೆದ್ದರು. ಹೋರಾಟದ ನಿಧಿಯಲ್ಲಿ ಉಳಿದ ಹಣದಿಂದ 1912ರಲ್ಲಿ ಕಾರ್ಮಿಕರಿಗೆ ಒಂದು ಭವನವನ್ನು ಕಟ್ಟಿಸಿದರು. ಒಂದೇ ಸೀಮೆ, ಒಂದೇ ಕಬ್ಬಿಣ. ಒಂದು ಕಟ್ಟಡ ಸಾಹುಕಾರನ ಉಯಿಲಿನಂತೆ ನಡೆಯಿತು. ಇನ್ನೊಂದು ದುಡಿದವರ ಒಗ್ಗಟ್ಟಿನಿಂದ ಎದ್ದಿತು. ಎರಡನೆಯದರ ಬಾಗಿಲಲ್ಲಿ ಯಾರೂ ಯಾರಿಗೂ ಕೈಮುಗಿಯಬೇಕಾಗಿರಲಿಲ್ಲ.

ಹಾಗಾದರೆ ಕಥೆ ಸುಖಾಂತವೇ? ಇಲ್ಲ. ಇಂದು ಇಂಗ್ಲೆಂಡಿನ ಸರಕಾರಿ ವಸತಿಶಾಲೆಗಳಲ್ಲಿ ಪಾಠ ಪುಕ್ಕಟೆ, ಆದರೆ ವಸತಿಯ ಖರ್ಚು ತಂದೆತಾಯಿಗಳದು. ಅದು ವರ್ಷಕ್ಕೆ ಹತ್ತು ಸಾವಿರ ಪೌಂಡನ್ನೂ ಮೀರುತ್ತದೆ. ಖಾಸಗಿ ಶಾಲೆಗಳಿಗೆ ಹೋಲಿಸಿದರೆ ಕಡಿಮೆಯೇ ಸರಿ, ಕೆಲವರಿಗೆ ಸಹಾಯಧನವೂ ಸಿಗುತ್ತದೆ. ಆದರೂ ವಿಚಿತ್ರ ನೋಡಿ. 1667ರಲ್ಲಿ ಬಡ ಹುಡುಗನಿಗೆ ಹಾಸಿಗೆ ಪುಕ್ಕಟೆಯಾಗಿತ್ತು, ಪಾಠವೇ ದುರ್ಲಭ. ಇಂದು ಪಾಠ ಎಲ್ಲರಿಗೂ ಉಂಟು, ಹಾಸಿಗೆಗೆ ಬೆಲೆ ಕಟ್ಟಲಾಗಿದೆ. ಈಟನ್ನಿನ ಹಾದಿಯೂ ಇದೇ. ಅದನ್ನು 1440ರಲ್ಲಿ ದೊರೆ ಆರನೆಯ ಹೆನ್ರಿ ಸ್ಥಾಪಿಸಿದಾಗ 70 ಬಡ ವಿದ್ಯಾರ್ಥಿಗಳಿಗೆ ಪುಕ್ಕಟೆ ವಿದ್ಯೆ ಕೊಡುವುದೇ ಉದ್ದೇಶವಾಗಿತ್ತು!

ಇದರಿಂದ ತಿಳಿಯಬೇಕಾದ್ದು ಇಷ್ಟೇ. ದಾನಿಯನ್ನು ನಿಂದಿಸಬೇಕಾಗಿಲ್ಲ, ಫೋಲಿಯ ಕಟ್ಟಡ ಇಂದಿಗೂ ನಿಂತಿದೆ, ಅಲ್ಲಿ ಓದಿದ ಬಡ ಹುಡುಗರ ಬಾಳು ನಿಜವಾಗಿಯೂ ಬೆಳಗಿತು. ಆದರೆ ದಾನ ಅರವತ್ತಕ್ಕೆ ನಿಲ್ಲುತ್ತದೆ. ಅರವತ್ತೊಂದನೆಯ ಮಗುವಿಗೆ ಬೇಕಾದದ್ದು ಹಕ್ಕು. ಪಡೆದ ಹಕ್ಕನ್ನು ಕಾಯದಿದ್ದರೆ ಅದೂ ಸದ್ದಿಲ್ಲದೆ ಸವೆಯುತ್ತದೆ. ಯಾವ ಶಾಲೆಯ ಮುಂದೆ ನಿಂತರೂ ಕಲ್ಲಿನ ಮೇಲೆ ಕೆತ್ತಿದ ದಾನಿಯ ಹೆಸರನ್ನು ಓದಿ, ತಪ್ಪಿಲ್ಲ. ಅನಂತರ ಒಂದು ಪ್ರಶ್ನೆ ಕೇಳಿ: ಒಳಗೆ ಹಾಸಿಗೆ ಎಷ್ಟು, ಹೊರಗೆ ಮಕ್ಕಳು ಎಷ್ಟು?