ಹಳೆಯ ಕಾರಿನಲ್ಲಿ ವಿದ್ಯುದ್ದೋಷದ ಶೋಧ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯ ಮೇಲೆ ಸಾಹಿತಿಗಳೂ ವಿದ್ವಾಂಸರೂ ಮಾತನಾಡುವುದು ರೂಢಿ. ನಾನು ಆ ಎರಡು ಪಂಕ್ತಿಗಳಿಗೂ ಸೇರಿದವನಲ್ಲ. ಹಳೆಯದೊಂದು ಕಾರನ್ನು ಕೊಂಡು, ಅದರ ದೀಪಗಳು ಏಕೆ ಮಂಕಾಗುತ್ತವೆಂಬುದನ್ನು ಹುಡುಕುತ್ತ ಮೂರು ತಿಂಗಳು ಕಳೆದವನು. ಆ ಹುಡುಕಾಟದಲ್ಲಿ ಕಲಿತುದನ್ನು ತಮ್ಮ ಮುಂದಿಡಬೇಕೆಂದು ಕಾರ್ಯಕರ್ತರು ಒತ್ತಾಯಪಡಿಸಿದರು. ಮೋಟಾರು ಬೈಕೋ ಟ್ರ್ಯಾಕ್ಟರೋ ಇಲ್ಲದ ಮನೆ ಇಂದು ನಮ್ಮಲ್ಲಿ ವಿರಳವಾದುದರಿಂದ, ವಿಷಯವು ಸಣ್ಣದಾದರೂ ನಿಷ್ಪ್ರಯೋಜಕವಾಗಲಾರದೆಂದು ನಂಬಿದ್ದೇನೆ.

ನನ್ನ ಕಾರು ಯಾವ ಕಾರ್ಖಾನೆಯಿಂದಲೂ ಇಡಿಯಾಗಿ ಹೊರಬಂದುದಲ್ಲ. ಹಳೆಯ ಜೀಪಿನ ಚಾಸಿಯ ಮೇಲೆ ಬೇರೆ ಬೇರೆ ಕಡೆಯಿಂದ ತಂದ ಎಂಜಿನ್ನು, ದೀಪ, ತಂತಿಗಳನ್ನು ಕೂಡಿಸಿ, ಮೇಲೆ ಫೈಬರ್ ಗ್ಲಾಸಿನ ಮೈಯನ್ನು ಹೊದಿಸಿ, ಯಾರೋ ಒಬ್ಬ ಹವ್ಯಾಸಿ ಕಟ್ಟಿದುದು. ಬಿಡಿಭಾಗಗಳಿಂದ ವಾಹನವನ್ನು ಜೋಡಿಸುವುದು ನಮ್ಮ ದೇಶಕ್ಕೆ ಹೊಸದಲ್ಲ. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಮಹೀಂದ್ರ ಕಂಪನಿಯವರು ಅಮೆರಿಕದ ವಿಲೀಸ್ ಜೀಪುಗಳನ್ನು ಬಿಡಿಯಾಗಿ ತರಿಸಿ ಜೋಡಿಸಿದರು. ಫೈಬರ್ ಗ್ಲಾಸಿನ ಮೈಯೂ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆಯವರು ಇಂಗ್ಲೆಂಡಿನ ರಿಲಾಯಂಟ್ ಕಿಟನ್ ಕಾರಿನ ಮಾದರಿಯಲ್ಲಿ ತಯಾರಿಸಿದ ಡಾಲ್ಫಿನ್ ಕಾರಿನ ಮೈ ಇಂಥದೇ ಆಗಿತ್ತು. ಈ ಮೈಯ ಗುಣವೆಂದರೆ ಅದು ತುಕ್ಕು ಹಿಡಿಯುವುದಿಲ್ಲ. ಅದರ ಇನ್ನೊಂದು ಗುಣವನ್ನು ನಾನು ಕಷ್ಟಪಟ್ಟು ತಿಳಿಯಬೇಕಾಯಿತು.

ಮಾರ್ಗಶಿರದ ಒಂದು ಸಂಜೆ ಪತ್ನಿಯನ್ನೂ ಮೊಮ್ಮಗಳನ್ನೂ ಕೂರಿಸಿಕೊಂಡು ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಮರಳುತ್ತಿದ್ದೆ. ಸುಮಾರು 40 ಕಿಲೋಮೀಟರಿನ ದಾರಿ. ವಳಸಂಗವನ್ನು ದಾಟುವ ಹೊತ್ತಿಗೆ ಕತ್ತಲಾಗಿತ್ತು. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಹೋಗುತ್ತಿತ್ತು; ಅದರ ಹಿಂಬದಿಯಲ್ಲಿ ದೀಪವಿರಲಿಲ್ಲ. ಎಚ್ಚರಿಸಲೆಂದು ಹಾರ್ನು ಒತ್ತಿದೆ. ಒತ್ತಿದ ಕ್ಷಣವೇ ನನ್ನ ಮುಂದಿನ ದೀಪಗಳೆರಡೂ ಕೆಂಡದಂತೆ ಕೆಂಪಾಗಿ ಕುಂದಿದವು. ರಸ್ತೆಯೇ ಕಾಣದಾಯಿತು. ಗಾಬರಿಯಿಂದ ಹಾರ್ನನ್ನು ಬಿಟ್ಟೆ, ದೀಪ ಮರಳಿತು. ಕಬ್ಬಿನ ಜಲ್ಲೆಗಳು ನಮ್ಮ ಮುಂಗಾಜಿಗೆ ಒಂದು ಮಾರು ದೂರದಲ್ಲಿದ್ದವು. ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ.

ಮರುದಿನದಿಂದ ಚಿಕಿತ್ಸೆ ಆರಂಭವಾಯಿತು. ಒಬ್ಬರು ಬ್ಯಾಟರಿ ಬದಲಿಸಿದರು, ಇನ್ನೊಬ್ಬರು ಬಲ್ಬುಗಳನ್ನು ಬದಲಿಸಿದರು. ಮೂರನೆಯವರು ಬಲ್ಬನ್ನು ಕಳಚಿ, ಅದರ ಜಾಗದಲ್ಲಿ ಮೀಟರು ಹಚ್ಚಿ, ‘12 ವೋಲ್ಟ್ ಸರಿಯಾಗಿ ಬರುತ್ತಿದೆ, ತಂತಿಗಳಲ್ಲಿ ದೋಷವಿಲ್ಲ’ ಎಂದು ತೀರ್ಪು ಕೊಟ್ಟರು. ಹಣ ಹೋಯಿತು, ರೋಗ ಉಳಿಯಿತು. ಕೊನೆಗೆ ನಾನೇ ಒಂದು ಮಲ್ಟಿಮೀಟರು ಕೊಂಡು ಅಂಗಳದಲ್ಲಿ ಕುಳಿತೆ. ಮೊಮ್ಮಗಳು ಪಕ್ಕದಲ್ಲಿ ನೋಟುಬುಕ್ಕು ಹಿಡಿದು, ಯಾವ ಬಣ್ಣದ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಕನ್ನಡದಲ್ಲಿ ಬರೆದುಕೊಳ್ಳತೊಡಗಿದಳು. ಬ್ಯಾಟರಿಯಿಂದ ಫ್ಯೂಜಿಗೆ, ಫ್ಯೂಜಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ದೀಪಕ್ಕೆ ಎಂದು ಎರಡು ದಿನ ಬರೆದ ಮೇಲೆ ಅವಳು ಕೇಳಿದಳು: ‘ಮುತ್ತ್ಯಾ, ಕರೆಂಟು ಹೋಗೂ ದಾರಿ ಬರದೇವಿ. ತಿರುಗಿ ಬರೂ ದಾರಿ ಎಲ್ಲೈತಿ?’

ಬಾಲಭಾರತಿಯ ಕನ್ನಡ ವಿಜ್ಞಾನ ಪುಸ್ತಕದಲ್ಲಿ ಅವಳು ವಿದ್ಯುನ್ಮಂಡಲದ ಪಾಠವನ್ನು ಓದಿದ್ದಳು. ಮಂಡಲ ಪೂರ್ಣವಾಗದೆ ದೀಪ ಉರಿಯದು ಎಂಬುದು ಅವಳಿಗೆ ಗೊತ್ತಿತ್ತು. ನಾವು ಹಿರಿಯರು ಮರೆತಿದ್ದೆವು. ಮರೆಯಲು ಕಾರಣವೂ ಇತ್ತು. ಸಾಮಾನ್ಯವಾದ ಕಾರಿನಲ್ಲಿ ಪ್ರವಾಹವು ಮರಳುವುದಕ್ಕೆ ಪ್ರತ್ಯೇಕ ತಂತಿ ಕಣ್ಣಿಗೆ ಬೀಳುವುದಿಲ್ಲ. ಉಕ್ಕಿನ ಮೈಯೇ ಮರಳುವ ದಾರಿ. ಫೈಬರ್ ಗ್ಲಾಸಾದರೋ ಅವಾಹಕ. ಇಲ್ಲಿ ಪ್ರತಿಯೊಂದು ದೀಪಕ್ಕೂ ಮರಳುವ ತಂತಿ ಬೇಕು. ನನ್ನ ಕಾರನ್ನು ಕಟ್ಟಿದವರು ಎರಡು ದೊಡ್ಡ ದೀಪಗಳು, ಮುಂದಿನ ಸೂಚಕ ದೀಪಗಳು, ಹಾರ್ನು ಇವೆಲ್ಲವುಗಳ ಮರಳುವ ತಂತಿಗಳನ್ನು ಒಟ್ಟುಗೂಡಿಸಿ, ಚಾಸಿಯ ಒಂದೇ ಬೋಲ್ಟಿಗೆ ಬಿಗಿದಿದ್ದರು.

ಇನ್ನು ಅಳತೆಯ ವಿಷಯ. ಇದನ್ನು ಯುವಕರು ಗಮನವಿಟ್ಟು ಕೇಳಬೇಕು. ಬಲ್ಬನ್ನು ಕಳಚಿ ಅಳೆದರೆ ಸತ್ಯ ತಿಳಿಯದು. ಮೀಟರು ಎಳೆಯುವ ಪ್ರವಾಹ ಅತ್ಯಲ್ಪ. ಕೊಳವೆ ಅರ್ಧ ಕಟ್ಟಿದ್ದರೂ ನಲ್ಲಿ ಮುಚ್ಚಿರುವಾಗ ಒತ್ತಡ ಪೂರ್ಣವಾಗಿ ತೋರುವಂತೆ, ಕೆಟ್ಟ ಸಂಧಿಯ ಆಚೆಗೂ ಅದು 12 ವೋಲ್ಟನ್ನೇ ತೋರಿಸುತ್ತದೆ. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಹಾಗೆ ಅಳೆದಾಗ ಬ್ಯಾಟರಿಯಲ್ಲಿ 12.4 ವೋಲ್ಟ್ ಇತ್ತು. ಹೋಗುವ ದಾರಿಯಲ್ಲಿ ಕಳೆದುಹೋದುದು 0.4. ಬಳಿಕ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಧ್ರುವಕ್ಕೂ, ಮತ್ತೊಂದನ್ನು ದೀಪದಿಂದ ಮರಳುವ ತಂತಿಗೂ ತಾಗಿಸಿದೆ. ಸೊನ್ನೆಗೆ ಸಮೀಪವಿರಬೇಕಾದಲ್ಲಿ 3.1 ವೋಲ್ಟ್ ತೋರಿಸಿತು! ದೀಪಕ್ಕೆ ದಕ್ಕುತ್ತಿದ್ದುದು 8.9 ವೋಲ್ಟ್ ಮಾತ್ರ. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹು ವೇಗವಾಗಿ ಕುಂದುತ್ತದೆ: ಹತ್ತನೆಯ ಒಂದು ಪಾಲು ವೋಲ್ಟೇಜು ಇಳಿದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುವುದು. ನನ್ನ ದೀಪಗಳು ತಮ್ಮ ಬೆಳಕಿನ ಮೂರರಲ್ಲಿ ಒಂದು ಪಾಲನ್ನಷ್ಟೇ ಕೊಡುತ್ತಿದ್ದವು. ಹಾರ್ನಿನ ಪ್ರವಾಹವೂ ಅದೇ ಇಕ್ಕಟ್ಟಿನ ದಾರಿಗೆ ನುಗ್ಗಿದಾಗ ಉಳಿದುದೂ ಹೋಗುತ್ತಿತ್ತು.

ನಮ್ಮ ಊರು ಮಗ್ಗಗಳ ಊರು. ಎಳೆ ಕಡಿದರೆ ನೇಕಾರನು ಹಾಸನ್ನೇ ಕಿತ್ತೆಸೆಯುವುದಿಲ್ಲ. ಕಡಿದ ಎಳೆಯನ್ನು ಹಿಡಿದು ತುದಿಯವರೆಗೆ ಹೋಗುತ್ತಾನೆ. ನಾವೂ ಹಾಗೆಯೇ ಮೀಟರಿನ ಮೊನೆಯನ್ನು ತಂತಿಯುದ್ದಕ್ಕೂ ಮುಂದೊತ್ತಿದೆವು. ಬೋಲ್ಟಿನ ಈಚೆ 3 ವೋಲ್ಟ್. ಬೋಲ್ಟಿನ ಆಚೆ, ಚಾಸಿಯ ಉಕ್ಕಿನ ಮೇಲೆ, 0.1. ನಷ್ಟವೆಲ್ಲವೂ ಆ ಒಂದು ಅಂಗುಲದಲ್ಲಿ! ಬಿಚ್ಚಿದಾಗ ಬಣ್ಣದ ಪದರ, ಅದರ ಕೆಳಗೆ ತುಕ್ಕು. 8 ಆಂಪಿಯರ್ ಪ್ರವಾಹ, 3.1 ವೋಲ್ಟ್ ನಷ್ಟ. ಗುಣಿಸಿದರೆ ಸುಮಾರು 25 ವ್ಯಾಟ್. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಶಾಖವೆಲ್ಲ ಆ ಸಂಧಿಯಲ್ಲಿ ಕಾಯುತ್ತಿತ್ತು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಿ, ಉಕ್ಕು ಹೊಳೆಯುವಂತೆ ಉಜ್ಜಿ, ಹೊಸ ಉಂಗುರವನ್ನು ಬಿಗಿದು, ಮೇಲೆ ಗ್ರೀಸು ಸವರಿದೆವು. ಅಲ್ಲಿಂದ ಬ್ಯಾಟರಿಗೆ ನೇರವಾಗಿ ಒಂದು ದಪ್ಪ ತಂತಿಯನ್ನೂ ಎಳೆದೆವು. ಈಗ ಅಲ್ಲಿ ನಷ್ಟ 0.1 ವೋಲ್ಟ್. ಹೊಸ ಬ್ಯಾಟರಿಗೆ ತೆತ್ತ ಹಣದ ಮುಂದೆ ಇದರ ಖರ್ಚು ಏನೂ ಅಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನೋಟುಬುಕ್ಕನ್ನು ಪೂರ್ತಿಮಾಡಲೆಂದು ಫ್ಯೂಜುಗಳನ್ನು ಒಂದೊಂದಾಗಿ ತೆಗೆದಾಗ, ಹಾರ್ನಿನ ಫ್ಯೂಜು ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದದಲ್ಲಿ ಸುತ್ತಿತ್ತು. ಹಿಂದೆಂದೋ ಅದು ಪದೇ ಪದೇ ಸುಟ್ಟಿರಬೇಕು. ಯಾರೋ ಅದರ ಬಾಯಿ ಮುಚ್ಚಿಸಿದ್ದರು. ಫ್ಯೂಜು ಇರುವುದು ಹಾರ್ನಿನ ರಕ್ಷಣೆಗಲ್ಲ, ತಂತಿಯ ರಕ್ಷಣೆಗೆ. ಅದು ಸುಡಲಾರದಂತೆ ಮಾಡಿದರೆ ತಂತಿಯೇ ಸುಡುವುದು. ಫೈಬರ್ ಗ್ಲಾಸಿನ ರಾಳವೂ ಹತ್ತಿಕೊಳ್ಳುವ ವಸ್ತು, ಪಕ್ಕದಲ್ಲಿ ಪೆಟ್ರೋಲು ಬೇರೆ. ಬೆಳ್ಳಿ ಕಾಗದವನ್ನು ಕಿತ್ತು, ಫ್ಯೂಜಿನ ಜಾಗದಲ್ಲಿ ಒಂದು ಬಲ್ಬನ್ನು ಸೇರಿಸಿ, ತಂತಿಯ ಕಟ್ಟನ್ನು ಗೇಣುಗೇಣಾಗಿ ಅಲುಗಿಸಿದೆವು. ಚಾಸಿಯ ರಂಧ್ರವೊಂದರ ಬಳಿ ಬಲ್ಬು ಥಟ್ಟನೆ ಉರಿಯಿತು. ರಬ್ಬರಿನ ಬಳೆಯಿಲ್ಲದ ಆ ರಂಧ್ರದ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದಿತ್ತು. ನಾಲ್ಕು ವರ್ಷ ನನ್ನ ಮನೆಯವರು ಆ ತಂತಿಯ ಹಿಂದೆಯೇ ಕುಳಿತು ಸಂಚರಿಸಿದ್ದರೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಓಮ್ ಎಂಬ ಜರ್ಮನಿಯ ಶಾಲಾ ಶಿಕ್ಷಕರು ತಮ್ಮ ನಿಯಮವನ್ನು 1827ರಲ್ಲಿ ಪ್ರಕಟಿಸಿದರು. ಅದು ನಮ್ಮ ಮಕ್ಕಳ ಪುಸ್ತಕದಲ್ಲಿ ನಮ್ಮ ನುಡಿಯಲ್ಲಿಯೇ ಇದೆ. ಪರೀಕ್ಷೆಗಾಗಿ ಓದಿಸಿ ಮುಚ್ಚಿಡದೆ, ಒಂದು ಮೀಟರನ್ನು ಕೈಗಿತ್ತು ಅಂಗಳದಲ್ಲಿ ಕೂರಿಸಿದರೆ ಆ ಪಾಠ ಮನೆಮಂದಿಯ ಜೀವವನ್ನು ಕಾಯಬಲ್ಲುದು. ಮೊಮ್ಮಗಳ ನೋಟುಬುಕ್ಕು ಈಗ ಕಾರಿನಲ್ಲಿಯೇ ಇರುತ್ತದೆ.

ಕೊನೆಯದಾಗಿ ಒಂದು ವಿನಂತಿ. ಈ ಸಮಾರಂಭವನ್ನು ಮುಗಿಸಿ ಇಂದು ರಾತ್ರಿ ಊರಿಗೆ ಮರಳುವವರು ಹಲವರಿದ್ದೀರಿ. ಹೊರಡುವ ಮುನ್ನ ಗೋಡೆಯ ಮುಂದೆ ವಾಹನವನ್ನು ನಿಲ್ಲಿಸಿ, ದೀಪ ಹಾಕಿ, ಒಮ್ಮೆ ಹಾರ್ನು ಒತ್ತಿ ನೋಡಿರಿ. ಗೋಡೆಯ ಮೇಲಿನ ಬೆಳಕು ತಗ್ಗಿದರೆ ಮೆಲ್ಲನೆ ಹೋಗಿರಿ. ನಾಳೆ ಬೆಳಿಗ್ಗೆ ಮರಳುವ ತಂತಿಯನ್ನು ಮೊದಲು ಹುಡುಕಿರಿ.